ಕಾರ್ ಆಡಿಯೊ ಬಾಸ್ ಸ್ಪರ್ಧೆ

ಕಾರಿನಲ್ಲಿ ಅಳವಡಿಸಿದ ಧ್ವನಿವ್ಯವಸ್ಥೆ ಎಷ್ಟು ಜೋರಾಗಿ ಬಾಸ್ ನುಡಿಸುತ್ತದೆ ಎಂಬುದನ್ನು ಡೆಸಿಬೆಲ್‌ಗಳಲ್ಲಿ ಅಳೆದು ಗೆಲುವನ್ನು ತೀರ್ಮಾನಿಸುವ ಸ್ಪರ್ಧೆ. ಸ್ಪರ್ಧಾಳುಗಳ ಬಾಯಲ್ಲಿ ಇದು ‘ಎಸ್‌ಪಿಎಲ್’, ಅಂದರೆ ಶಬ್ದ ಒತ್ತಡದ ಮಟ್ಟ. ಇಂಪು, ಸ್ಪಷ್ಟತೆಗಳಿಗೆ ಇಲ್ಲಿ ಅಂಕವಿಲ್ಲ. ಮುಂಗಾಜಿನ ಬಳಿ ಇಟ್ಟ ಸಂವೇದಕ ಕೆಲವೇ ಸೆಕೆಂಡುಗಳಲ್ಲಿ ದಾಖಲಿಸುವ ಗರಿಷ್ಠ ಅಂಕಿಯೇ ಫಲಿತಾಂಶ.

1980ರ ದಶಕದಲ್ಲಿ ಅಮೆರಿಕದಲ್ಲಿ ಕಾರ್ ಆಡಿಯೊ ಸ್ಪರ್ಧೆಗಳು ಬೇರೂರಿದವು. 1960ರ ಮಾದರಿಯ ಕ್ಯಾಡಿಲಾಕ್ ಶವವಾಹನವೊಂದಕ್ಕೆ ಸ್ಪೀಕರ್ ತುಂಬಿ ‘ಟರ್ಮಿನೇಟರ್’ ಎಂದು ಹೆಸರಿಟ್ಟ ವೇಯ್ನ್ ಹ್ಯಾರಿಸ್ ಆ ಕಾಲದ ಪ್ರಮುಖ ಸ್ಪರ್ಧಿ. ಡ್ರ್ಯಾಗ್ ರೇಸಿನಂತೆ ಕಾರುಗಳನ್ನು ಎದುರುಬದುರಾಗಿ ಹೂಡುವ ‘ಡಿಬಿ ಡ್ರ್ಯಾಗ್ ರೇಸಿಂಗ್’ ಶುರುಮಾಡಿದವರೂ ಅವರೇ. ಅಗ್ರ ವರ್ಗಗಳಲ್ಲಿ ಅಂಕಿ 180 ಡೆಸಿಬೆಲ್ ದಾಟಿದೆ.

ವ್ಯಾಟ್‌ಗಳ ಮಿತಿ. ಹೊಸಬರು ಮೊದಲು ಕೈಹಾಕುವುದು ದೊಡ್ಡ ಆಂಪ್ಲಿಫೈಯರ್‌ಗೆ. ಆದರೆ ಡೆಸಿಬೆಲ್ ಲಾಗರಿದಮ್ ಮಾಪನ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವುದು ಹೆಚ್ಚೆಂದರೆ 3 ಡೆಸಿಬೆಲ್, 10 ಡೆಸಿಬೆಲ್ ಬೇಕೆಂದರೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ ಇರುವ ಶಕ್ತಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಅಗ್ಗದ ದಾರಿ, ಬಹುಪಾಲು ಕಾರುಗಳಲ್ಲಿ ಫಲ ಕೊಡುವ ದಾರಿಯೂ ಹೌದು.

ಮೊದಲ ಸೋರಿಕೆ ವಿದ್ಯುತ್ತಿನಲ್ಲಿ. ನುಡಿಸುವಾಗ ವೋಲ್ಟೇಜ್ 14.4ರಿಂದ 12ಕ್ಕೆ ಕುಸಿದರೆ ಶಕ್ತಿ ಸುಮಾರು ಶೇಕಡ 30 ಇಳಿದು, ಸುಮಾರು 1.6 ಡೆಸಿಬೆಲ್ ಹೋಗುತ್ತದೆ. ದಪ್ಪ ತಂತಿ, ಬಿಗಿಯಾದ ನೆಲಜೋಡಣೆ, ಹೆಚ್ಚುವರಿ ಬ್ಯಾಟರಿ, ದೊಡ್ಡ ಆಲ್ಟರ್ನೇಟರ್ ಇದಕ್ಕೆ ಮದ್ದು. ಎರಡನೆಯದು ಇಂಪೀಡೆನ್ಸ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ. 1 ಓಮ್ ಎಂದು ಜೋಡಿಸಿದ ಸಬ್‌ವೂಫರ್ (ಬಾಸ್ ನುಡಿಸುವ ಸ್ಪೀಕರ್) ಪೆಟ್ಟಿಗೆಯೊಳಗೆ ಕೂತು ನುಡಿಯುವಾಗ 3 ಓಮ್ ತೋರಿಸಿದರೆ, ಅದೇ ವೋಲ್ಟೇಜಿನಲ್ಲಿ ಹರಿಯುವ ಶಕ್ತಿ ಮೂರನೇ ಒಂದು ಪಾಲು ಮಾತ್ರ. ಮೂರನೆಯದು ಕಾವು. ಸ್ಪೀಕರಿನ ಕೋನನ್ನು ಆಡಿಸುವ ಸುರುಳಿಯಾದ ವಾಯ್ಸ್ ಕಾಯಿಲಿನ ತಾಮ್ರ 100 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದರ ರೋಧ ಸುಮಾರು ಶೇಕಡ 39 ಹೆಚ್ಚಿ, ಹರಿಯುವ ಶಕ್ತಿ ಇಳಿಯುತ್ತದೆ. ಪಳಗಿದವರು ಕಾಯಿಲ್ ತಣ್ಣಗಿರುವಾಗಲೇ ಎರಡು ಮೂರು ಸೆಕೆಂಡು ನುಡಿಸಿ ನಿಲ್ಲಿಸುವುದು ಇದೇ ಕಾರಣಕ್ಕೆ.

ಪೆಟ್ಟಿಗೆ ಮತ್ತು ಕಂಪನಾಂಕ. ಪ್ರತಿ ಕಾರಿಗೂ ತನ್ನದೇ ಆದ ಒಂದು ಕಂಪನಾಂಕವಿದೆ. ಒಳಗಿನ ಗಾಳಿ, ಗಾಜು, ತಗಡು ಎಲ್ಲ ಸೇರಿ ಅಲ್ಲಿ ಅತಿ ಹೆಚ್ಚು ಒತ್ತಡ ಹುಟ್ಟಿಸುತ್ತವೆ. ಸಾಮಾನ್ಯವಾಗಿ ಅದು 40ರಿಂದ 70 ಹರ್ಟ್ಸ್ ನಡುವೆ ಬೀಳುತ್ತದೆ. ಮೀಟರನ್ನು ಸ್ಪರ್ಧೆಯಲ್ಲಿ ಇಡುವ ಜಾಗದಲ್ಲೇ ಇಟ್ಟು, ಸಣ್ಣ ಧ್ವನಿಯಲ್ಲಿ ಒಂದೊಂದೇ ಹರ್ಟ್ಸ್ ಏರಿಸುತ್ತ ಅಂಕಿ ಬರೆದುಕೊಂಡರೆ ಆ ಶಿಖರ ಸಿಗುತ್ತದೆ. ಪೆಟ್ಟಿಗೆಯ ಪೋರ್ಟನ್ನು, ಅಂದರೆ ಗಾಳಿ ಆಡುವ ಕಿಂಡಿಯನ್ನು, ಅದಕ್ಕೆ ಹೊಂದಿಸಬೇಕು. ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಹೊಮ್ಮುವಂತೆ ಪೋರ್ಟ್ ಸಹ ಒಂದು ಕಂಪನಾಂಕದಲ್ಲಿ ಬಲವಾಗಿ ನುಡಿಯುತ್ತದೆ. ಆಗ ಕೋನ್ ಅತ್ತಿತ್ತ ಆಡುವುದು ಕಡಿಮೆ, ಶಬ್ದದ ಬಹುಪಾಲು ಪೋರ್ಟಿನದೇ. ಇದಕ್ಕಿಂತ ಕೆಳಗಿನ ಕಂಪನಾಂಕ ಕೊಟ್ಟರೆ ಕೋನ್ ಹಿಡಿತ ತಪ್ಪಿ ಹರಿದುಹೋಗಬಹುದು. ಪೋರ್ಟ್ ಇಕ್ಕಟ್ಟಾದರೆ ಗಾಳಿ ಬುಸುಗುಟ್ಟಿ ಶಕ್ತಿ ವ್ಯರ್ಥವಾಗುತ್ತದೆ.

ಪೆಟ್ಟಿಗೆಯ ಮುಖವನ್ನು ಹಿಂಬಾಗಿಲಿನತ್ತ ತಿರುಗಿಸುವುದು, ನಾಲ್ಕು ಬೆರಳು ಹಿಂದೆ ಸರಿಸುವುದು, ಮುಂದಿನ ಸೀಟು ಒರಗಿಸುವುದು, ಇವುಗಳಿಂದಲೂ ಅಂಕಿ ಬದಲಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆಯುವವರಿಗೆ ಮಾತ್ರ ಯಾವುದು ನೆರವಾಯಿತು ಎಂಬುದು ತಿಳಿಯುತ್ತದೆ. ಎರಡು ಸಬ್‌ವೂಫರ್‌ಗಳಲ್ಲಿ ಒಂದರ ಧನ, ಋಣ ತಂತಿಗಳು ಅದಲುಬದಲಾಗಿದ್ದರೆ ಒಂದು ಒತ್ತಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಬಾಸ್ ಅಡಗಿಹೋಗುತ್ತದೆ. ಇದನ್ನು ಎಲ್ಲಕ್ಕೂ ಮೊದಲು ನೋಡಬೇಕು.

ಕಾರಿನ ಮೈ. 150 ಡೆಸಿಬೆಲ್ಲಿನಲ್ಲಿ ಒತ್ತಡದ ಏರಿಳಿತದ ತುದಿ ಸುಮಾರು 890 ಪಾಸ್ಕಲ್. ಒಂದು ಚದರ ಮೀಟರ್ ಮುಂಗಾಜಿನ ಮೇಲೆ ಇದು 90 ಕಿಲೊ ಭಾರಕ್ಕೆ ಸಮ. 50 ಹರ್ಟ್ಸ್ ನುಡಿಯುತ್ತಿದ್ದರೆ ಗಾಜು ಸೆಕೆಂಡಿಗೆ 50 ಸಲ ಅಷ್ಟು ಬಲದಿಂದ ಹೊರಗೆ ತಳ್ಳಿಸಿಕೊಂಡು ಒಳಗೆ ಎಳೆಸಿಕೊಳ್ಳುತ್ತದೆ. ಗಾಜು, ಚಾವಣಿ, ಬಾಗಿಲು ಬಾಗಿದಷ್ಟೂ ಒತ್ತಡ ಮೀಟರಿಗೆ ತಲುಪದೆ ನಷ್ಟವಾಗುತ್ತದೆ. ನಿಯಮ ಬಿಟ್ಟ ಕಡೆ ಗೆಳೆಯರು ಬಾನೆಟ್ ಹತ್ತಿ ಗಾಜಿಗೆ ಒರಗುವುದು, ಬಾಗಿಲಿಗೆ ಭುಜ ಕೊಡುವುದು ಇದಕ್ಕಾಗಿ. ಅಗ್ರ ವರ್ಗದವರು ಗೋಡೆಗಳಿಗೆ ಕಾಂಕ್ರೀಟ್ ತುಂಬುತ್ತಾರೆ, ದಪ್ಪ ಪಾರದರ್ಶಕ ಹಲಗೆಗಳನ್ನು ಗಾಜಿನ ಜಾಗಕ್ಕೆ ಕೂರಿಸುತ್ತಾರೆ. ಅಂಥ ವಾಹನ ರಸ್ತೆಗೆ ಇಳಿಯುವಂಥದ್ದಲ್ಲ. ಸಾಮಾನ್ಯ ಕಾರಿನಲ್ಲಿ ಬಾಗಿಲಿನ ರಬ್ಬರ್ ಸರಿಪಡಿಸಿ, ಏಸಿಯ ಹೊರಗಾಳಿ ದಾರಿ ಮುಚ್ಚಿ, ಕದಲುವ ನಂಬರ್ ಪ್ಲೇಟು ಬಿಗಿದರೂ ಪ್ರಯೋಜನವಿದೆ.

ಕಿವಿ. ತಗ್ಗು ಸ್ವರಗಳಿಗೆ ಕಿವಿ ಮಂದವಾದ್ದರಿಂದ 50 ಹರ್ಟ್ಸ್‌ನ 150 ಡೆಸಿಬೆಲ್, ಕಿವಿಯ ಗ್ರಹಿಕೆಗೆ ಹೊಂದಿಸಿದ ‘ಎ’ ಮಾಪಕದಲ್ಲಿ ಸುಮಾರು 120 ಆಗುತ್ತದೆ. ಇದು ಸಮಾಧಾನಪಡುವ ವಿಷಯವಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಶಿಫಾರಸು ಮಾಡುವ ಮಿತಿ 85ಕ್ಕೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿಯ ಅರ್ಧ. ಆ ಲೆಕ್ಕದಲ್ಲಿ 120ಕ್ಕೆ ಇಡೀ ದಿನದ ಪಾಲು ಸುಮಾರು 9 ಸೆಕೆಂಡು. ಇಯರ್‌ಪ್ಲಗ್ ತಗ್ಗು ಸ್ವರಗಳನ್ನು ತಡೆಯುವುದು ಕಡಿಮೆ. ಅದರ ಮೇಲೆ ಇಯರ್‌ಮಫ್ ಧರಿಸಲೇಬೇಕು. ಅಗ್ರ ವರ್ಗಗಳಲ್ಲಿ ಕಾರಿನೊಳಗೆ ಯಾರೂ ಇರುವುದಿಲ್ಲ, ಸ್ಪರ್ಧಿ ಹೊರಗೆ ನಿಂತು ಸ್ವಿಚ್ ಒತ್ತುತ್ತಾನೆ.