ದೆವ್ವದ ಸಿನಿಮಾ ಮತ್ತು ಮಂತ್ರಾಲಯದ ದಾರಿ



ನಮ್ಮ ಆದೋನಿ ಸೀಮೆಯಲ್ಲಿ ದೆವ್ವದ ಮಾತು ಬಂದರೆ ಅದರ ಬೆನ್ನಿಗೇ ಮಂತ್ರಾಲಯದ ಮಾತೂ ಬರುತ್ತದೆ. ತುಂಗಭದ್ರೆಯ ದಡದ ಮಂಚಾಲೆಯಲ್ಲಿ 1671ರಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಗಡಿ ಬದಲಾಯಿತು, ಭಕ್ತರ ದಾರಿ ಬದಲಾಗಲಿಲ್ಲ.

ಆ ದಾರಿಯನ್ನು ಸಿನಿಮಾದವರೂ ಹಿಡಿದರು. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ಡಾ. ರಾಜ್‌ಕುಮಾರ್ ರಾಯರಾದರು. ಅದು ಶುದ್ಧ ಭಕ್ತಿಚಿತ್ರ. 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಬಂತು. ವಿಜಯ್ ಅದರ ನಿರ್ದೇಶಕರು. ಇಲ್ಲಿ ಗಂಡನ ಮೈಮೇಲೆ ಹೆಣ್ಣು ದೆವ್ವ ಬರುತ್ತದೆ. ಹೆಂಡತಿ ರಾಯರನ್ನು ನಂಬುತ್ತಾಳೆ.

ಇದಕ್ಕೆ ಆರು ವರ್ಷ ಮೊದಲು, 1973ರಲ್ಲಿ, ಅಮೆರಿಕದಲ್ಲಿ 'ದಿ ಎಕ್ಸಾರ್ಸಿಸ್ಟ್' ತೆರೆ ಕಂಡಿತ್ತು. ಅಲ್ಲಿ ಬಾಲಕಿಯೊಬ್ಬಳ ಮೈ ಹೊಕ್ಕದ್ದು ಸೈತಾನ, ಅಂದರೆ ದೇವರ ವೈರಿ. ಅದನ್ನು ಓಡಿಸಲು ಇಬ್ಬರು ಕ್ಯಾಥೊಲಿಕ್ ಪಾದ್ರಿಗಳು ಹೋರಾಡಿ ಪ್ರಾಣವನ್ನೇ ಕೊಡುತ್ತಾರೆ. ನಮ್ಮ ದೆವ್ವ ಹಾಗಲ್ಲ. ಅದು ಆಸೆ ತೀರದೆ ಸತ್ತ ಮನುಷ್ಯಜೀವ. ಅದಕ್ಕೆ ಬೇಕಾದದ್ದು ಯುದ್ಧವಲ್ಲ, ಬಿಡುಗಡೆ. ಆದ್ದರಿಂದಲೇ ನಮ್ಮ ಕಥೆಯಲ್ಲಿ ಗುರುವಿನ ಕೃಪೆ ದೊಡ್ಡದು. ಎರಡೂ ಕಡೆ ಹೆದರಿಕೆ ಒಂದೇ, ಧರ್ಮ ಕೊಟ್ಟ ಉತ್ತರ ಬೇರೆ.

ಈ ಚಿತ್ರ ಬಂದಾಗ ನಾನು ಮೆಟ್ರಿಕ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ನನ್ನ ತಂಗಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಸಿನಿಮಾ ನೋಡಿ ಬಂದ ಅಕ್ಕಪಕ್ಕದವರು "ಇದು ಗಾಳಿ ಸೋಕಿದ್ದೇ ಸರಿ" ಅಂದರು. ಮಂತ್ರವಾದಿಯೊಬ್ಬ ಬೇವಿನ ಸೊಪ್ಪಿನಲ್ಲಿ ಹೊಡೆದ, ತಾಯತ ಕಟ್ಟಿದ. ಹುಡುಗಿ ಸೊರಗಿದಳು. ಅವ್ವ ಮಂತ್ರಾಲಯಕ್ಕೆ ಕರೆದೊಯ್ದು ಸೇವೆ ಮಾಡಿಸಿದಳು. ಅಲ್ಲಿ ಸೇವೆಗೆ ಬಂದಿದ್ದ ಒಬ್ಬ ಹಿರಿಯರು, "ಅಮ್ಮಾ, ರಾಯರನ್ನೂ ನಂಬಿರಿ, ಡಾಕ್ಟರಿಗೂ ತೋರಿಸಿರಿ" ಅಂದರು. ಬಳ್ಳಾರಿಯ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಾ ಬಂದ ಮೇಲೆ ಮೂರ್ಛೆ ನಿಂತಿತು. ಅವ್ವ ಕೊನೆಯವರೆಗೂ "ರಾಯರೇ ಆ ಹಿರಿಯರ ಬಾಯಿಂದ ನುಡಿಸಿದರು" ಅನ್ನುತ್ತಿದ್ದಳು. ನಾನು ಎದುರಾಡಲಿಲ್ಲ. ಆದರೆ ಮಂತ್ರವಾದಿಯ ಕೈಯಲ್ಲಿ ಕಳೆದ ಆ ಒಂದು ವರ್ಷವನ್ನು ನಾನು ಮರೆತಿಲ್ಲ.

ಮುಂದೆ ಸಿನಿಮಾವೂ ಇದೇ ಮಾತಿಗೆ ಬಂತು. 1993ರ ಮಲಯಾಳಂ 'ಮಣಿಚಿತ್ರತ್ತಾಳ್' ಕನ್ನಡದಲ್ಲಿ 2004ರಲ್ಲಿ 'ಆಪ್ತಮಿತ್ರ' ಆಯಿತು. ಅದರಲ್ಲಿ ನಾಗವಲ್ಲಿಯಾಗಿ ಕುಣಿಯುವುದು ಕಾಯಿಲೆಬಿದ್ದ ಮನಸ್ಸು. ವಿಷ್ಣುವರ್ಧನ್ ಮಾಡಿದ ಮನೋವೈದ್ಯನೂ ಅವಿನಾಶ್ ಮಾಡಿದ ಆಚಾರ್ಯರೂ ಕೂಡಿಯೇ ಅವಳನ್ನು ಉಳಿಸುತ್ತಾರೆ.

ದೆವ್ವದ ಸಿನಿಮಾ ನೋಡಿ ಹೆದರೋಣ, ತಪ್ಪಿಲ್ಲ. ಮನೆಗೆ ಬಂದ ಮೇಲೆ ಕೈಮುಗಿಯೋಣ, ಅದೂ ತಪ್ಪಲ್ಲ. ಕಾಯಿಲೆಯವರನ್ನು ಮಾತ್ರ ದೆವ್ವ ಎನ್ನದಿರೋಣ.