ಅಡುಗೆಮನೆಯಲ್ಲಿ ಹುಟ್ಟಿದ ಕವಾಟ

ಹಬೆಯ ಚರಿತ್ರೆ ಎಂದರೆ ನಮಗೆ ಗಣಿ, ಗಿರಣಿ, ರೈಲುಗಳೇ ನೆನಪಾಗುತ್ತವೆ. ಆದರೆ ಬಾಯ್ಲರು ಸಿಡಿಯದಂತೆ ಕಾಯುವ ಸುರಕ್ಷತಾ ಕವಾಟ ಹೆಸರಾದದ್ದು ಅಡುಗೆಯ ಪಾತ್ರೆಯೊಂದರಿಂದ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ 'ಡೈಜೆಸ್ಟರ್' ಮೂಳೆಯನ್ನೂ ಮೆತ್ತಗೆ ಬೇಯಿಸುತ್ತಿತ್ತು. ಬಿಗಿಮುಚ್ಚಳದ ಆ ಪಾತ್ರೆಗೆ ಅವರು ತೂಕ ತೂಗಿಬಿಟ್ಟ ಸನ್ನೆಯ ಕವಾಟವನ್ನು ಜೋಡಿಸಿದರು. ಹಬೆಯ ಒತ್ತಡ ತೂಕವನ್ನು ಮೀರಿದರೆ ಕವಾಟ ತಾನೇ ಏಳುತ್ತಿತ್ತು. 1682ರಲ್ಲಿ ಸೊಸೈಟಿಯ ಸದಸ್ಯರು ಇದರಲ್ಲಿ ಬೆಂದ ಊಟ ಉಂಡದ್ದನ್ನು ಜಾನ್ ಎವೆಲಿನ್ ದಿನಚರಿಯಲ್ಲಿ ಬರೆದಿದ್ದಾರೆ.

ಕವಾಟವಿದ್ದರೆ ಸಾಲದು, ಅದನ್ನು ನೋಡಿಕೊಳ್ಳುವವರೂ ಬೇಕು. 19ನೆಯ ಶತಮಾನದಲ್ಲಿ ಹೆಚ್ಚು ಹಬೆಯ ಆಸೆಗೆ ಕವಾಟದ ಮೇಲೆ ಭಾರ ಹೇರಿ ಅಪಘಾತಗಳಾದವು. ನಮ್ಮಲ್ಲಿ 1863ರಲ್ಲಿ ಕಲ್ಕತ್ತೆಯ ಬಾಯ್ಲರೊಂದು ಸಿಡಿದು ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ತಪಾಸಣೆಯ ಕಾಯ್ದೆ ಬಂತು. 1923ರಲ್ಲಿ ಭಾರತೀಯ ಬಾಯ್ಲರುಗಳ ಕಾಯ್ದೆಯಾಯಿತು.

ಇಂದಿನ ಹೋಟೆಲಿನ ಇಡ್ಲಿ ಸ್ಟೀಮರಿನಲ್ಲೂ ಅದೇ ಆಸೆ ಎದುರಾಗುತ್ತದೆ. ಬೆಳಗಿನ ಗಿರಾಕಿಗಳು ಕಾದಿದ್ದಾರೆ, ಹಬೆ ಸಾಲುತ್ತಿಲ್ಲ. ಹೆಚ್ಚಾಗಿ ದೋಷ ಇರುವುದು ನೀರಿನಲ್ಲಿ. ಕೊಳವೆಬಾವಿಯ ಗಡಸು ನೀರು ಕುದಿದಂತೆ ಹೀಟರಿನ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಹೀಟರೇ ಸುಟ್ಟುಹೋಗಬಹುದು. ನೀರಿನ ಮಟ್ಟ ಅಳೆಯುವ ಕಡ್ಡಿಗೂ ಪದರ ಕಟ್ಟಿದರೆ ಅದರ ಲೆಕ್ಕ ತಪ್ಪುತ್ತದೆ. ಆಗ ಮಾಡಬೇಕಾದದ್ದು ವಿದ್ಯುತ್ ತೆಗೆದು, ಒತ್ತಡ ಇಳಿದು ತಣ್ಣಗಾದ ಮೇಲೆ ನೀರು ಬಸಿದು, ತಯಾರಕರು ಹೇಳಿದ ಸಿಟ್ರಿಕ್ ಆಮ್ಲದಂಥ ದ್ರಾವಣದಿಂದ ಪದರ ಕರಗಿಸಿ, ಚೆನ್ನಾಗಿ ತೊಳೆಯುವುದು. ಕವಾಟವನ್ನು ಬಲ್ಲವರೇ ಪರೀಕ್ಷಿಸಬೇಕು, ಬಿಗಿಯಬಾರದು.

ಪಾಪಿನ್ ಹೆಸರು ಪುಸ್ತಕಗಳಲ್ಲಿದೆ. ಪದರ ಕೆರೆದು ಕವಾಟ ಕಾಯ್ದವರ ಹೆಸರು ಎಲ್ಲೂ ಇಲ್ಲ. ಸಿಡಿಯದ ಬಾಯ್ಲರನ್ನು ಯಾರೂ ದಾಖಲಿಸುವುದಿಲ್ಲ.