ತಾರ್ಕಿಕ ಪರೀಕ್ಷೆ: ಹೆಚ್ಚು ಆಧಾರವುಳ್ಳ ಅನುಮಾನವನ್ನು ಆರಿಸುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಮೊದಲಿಗೆ ನಾಲ್ಕಾರು ವಾಕ್ಯಗಳ ಒಂದು ಉದ್ಧೃತ ಭಾಗ ಇರುತ್ತದೆ. ಅದರ ಕೆಳಗೆ ‘ಈ ಹೇಳಿಕೆಗಳಿಂದ ಹೆಚ್ಚು ಆಧಾರ ದೊರೆಯುವುದು ಇವುಗಳಲ್ಲಿ ಯಾವುದಕ್ಕೆ?’ ಎಂಬ ಪ್ರಶ್ನೆಯೂ ನಾಲ್ಕೈದು ಆಯ್ಕೆಗಳೂ ಇರುತ್ತವೆ. ಇದಕ್ಕೆ ಕಂಠಪಾಠ ನೆರವಾಗದು, ಗಣಿತದ ಸೂತ್ರವೂ ಒದಗದು. ಸಾಮಾನ್ಯ ಜ್ಞಾನದಲ್ಲಿ ಮುಂದಿರುವ ಅಭ್ಯರ್ಥಿಗಳೇ ಇಲ್ಲಿ ಎಡವುವುದುಂಟು. ಲೋಕದಲ್ಲಿ ಯಾವುದು ನಿಜ ಎಂಬುದನ್ನು ಈ ಪ್ರಶ್ನೆ ಕೇಳುವುದಿಲ್ಲ. ಮುಂದಿಟ್ಟಿರುವ ವಾಕ್ಯಗಳು ಎಷ್ಟು ಭಾರವನ್ನು ಹೊರಬಲ್ಲವು ಎಂಬುದನ್ನಷ್ಟೇ ಅದು ಕೇಳುತ್ತದೆ.

ಎಲ್ಲೆಲ್ಲಿ ಕೇಳಲಾಗುತ್ತದೆ?

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ 1948ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಈ ಬಗೆಯ ಪ್ರಶ್ನೆಗಳಿಗೆ ಮಹತ್ವದ ಸ್ಥಾನವಿದೆ. 2024ರ ಆಗಸ್ಟ್‌ನಿಂದ ಈ ಪರೀಕ್ಷೆಯ ಒಗಟಿನ ಮಾದರಿಯ ವಿಭಾಗವನ್ನು ಕೈಬಿಡಲಾಗಿದ್ದು, ಅಂಕಗಳಿಗೆ ಪರಿಗಣಿಸುವ ತಾರ್ಕಿಕ ವಿಭಾಗಗಳ ಸಂಖ್ಯೆ ಎರಡಕ್ಕೇರಿದೆ. ಭಾರತದಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ 2008ರಲ್ಲಿ ಆರಂಭವಾಯಿತು. 2020ರಿಂದ ಅದರ ಪ್ರಶ್ನೆಗಳು ಉದ್ಧೃತ ಭಾಗಗಳನ್ನು ಆಧರಿಸಿವೆ.

ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಸೇರಿಸಿದ ಸಿಸ್ಯಾಟ್ ಪತ್ರಿಕೆಯಲ್ಲಿಯೂ ‘ಅತ್ಯಂತ ತಾರ್ಕಿಕವಾದ ಅನುಮಾನ ಯಾವುದು’ ಎಂದು ಕೇಳುವ ಪ್ರಶ್ನೆಗಳು ಬರುತ್ತವೆ. ಉತ್ತರಗಳು ಉದ್ಧೃತ ಭಾಗವನ್ನು ಮಾತ್ರ ಆಧರಿಸಿರಬೇಕೆಂಬ ಸೂಚನೆಯೂ ಅಲ್ಲಿಯೇ ಮುದ್ರಿತವಾಗಿರುತ್ತದೆ. ಈ ಒಂದು ಸಾಲನ್ನು ಲಕ್ಷಿಸದೆ ಮುಂದೆ ಸಾಗುವವರೇ ಹೆಚ್ಚಾಗಿ ತಪ್ಪು ಆಯ್ಕೆಗೆ ಬಲಿಯಾಗುತ್ತಾರೆ.

‘ಅನುಮಾನ’ ಎಂಬ ಪದ

ದಿನಬಳಕೆಯ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ತಿಳಿದಿರುವ ಸಂಗತಿಯಿಂದ ತಿಳಿಯದ ಸಂಗತಿಯನ್ನು ಕಂಡುಕೊಳ್ಳುವುದೇ ಅಲ್ಲಿ ಅನುಮಾನ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂಬುದು ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ತಪ್ಪದ ಸಂಬಂಧವೇ ಈ ಅನುಮಾನಕ್ಕೆ ಆಧಾರ. ಈ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿ ಎಂದು ಕರೆದರು.

ಆದರೆ ಇದೇ ಮಾತನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ಶಾಸ್ತ್ರಕಾರರು ತೋರಿಸಿಕೊಟ್ಟರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಹಿಂದಿರುವ ತಿಳಿವಳಿಕೆಯೂ ಇದೇ. ಹಾಲು ಬೆಳ್ಳಗಿರುವುದು ನಿಜವಾದರೂ ಬಿಳುಪನ್ನು ಕಂಡೊಡನೆ ಹಾಲೆಂದು ನಿರ್ಣಯಿಸುವಂತಿಲ್ಲ. ಪರೀಕ್ಷೆಯ ಹಲವು ತಪ್ಪು ಆಯ್ಕೆಗಳು ಹೀಗೆ ತಿರುಗಿಸಿದ ವಾಕ್ಯಗಳೇ ಆಗಿರುತ್ತವೆ.

ಅನುಮಾನವನ್ನು ಗೃಹೀತದಿಂದ ಬೇರ್ಪಡಿಸಿ ನೋಡುವುದೂ ಅಗತ್ಯ. ವಾದವೊಂದು ಹೇಳದೆಯೇ ಒಪ್ಪಿಕೊಂಡಿರುವ ಸಂಗತಿ ಗೃಹೀತ; ಅದು ವಾದಕ್ಕೆ ತಳಪಾಯವಿದ್ದಂತೆ. ಹೇಳಿದ ಮಾತುಗಳಿಂದ ಮುಂದಕ್ಕೆ ಹೊರಡುವ ಸಂಗತಿ ಅನುಮಾನ.

ಒಂದು ಮಾದರಿ ಪ್ರಶ್ನೆ

ಈ ಕೆಳಗಿನ ಕಲ್ಪಿತ ಉದ್ಧೃತ ಭಾಗವನ್ನು ಪರಿಶೀಲಿಸಬಹುದು:

‘ಒಂದು ತಾಲ್ಲೂಕಿನಲ್ಲಿ ಕಳೆದ ಐದು ವರ್ಷಗಳಲ್ಲಿ ಹನಿ ನೀರಾವರಿ ಅಳವಡಿಸಿಕೊಂಡ ಎಲ್ಲ ದ್ರಾಕ್ಷಿ ತೋಟಗಳಲ್ಲೂ ಎಕರೆಗೆ ಬಳಸುವ ನೀರಿನ ಪ್ರಮಾಣ ಕಡಿಮೆಯಾಗಿದೆ. ಉಳಿದ ದ್ರಾಕ್ಷಿ ತೋಟಗಳಲ್ಲಿ ಆ ಪ್ರಮಾಣ ಬದಲಾಗಿಲ್ಲ. ಆದರೂ ಇದೇ ಅವಧಿಯಲ್ಲಿ ತಾಲ್ಲೂಕಿನ ದ್ರಾಕ್ಷಿ ತೋಟಗಳಿಗೆ ಬಳಕೆಯಾಗುವ ಒಟ್ಟು ನೀರು ಹೆಚ್ಚಿದೆ.’

ಆಯ್ಕೆಗಳು ಹೀಗಿವೆ:

(ಅ) ಹನಿ ನೀರಾವರಿ ಪದ್ಧತಿ ನೀರು ಉಳಿಸುವಲ್ಲಿ ವಿಫಲವಾಗಿದೆ.
(ಆ) ನೀರು ಉಳಿತಾಯವಾದ ಕಾರಣದಿಂದಲೇ ರೈತರು ತೋಟಗಳನ್ನು ವಿಸ್ತರಿಸಿದ್ದಾರೆ.
(ಇ) ತಾಲ್ಲೂಕಿನಲ್ಲಿ ದ್ರಾಕ್ಷಿ ಬೆಳೆಯುವ ವಿಸ್ತೀರ್ಣ ಹೆಚ್ಚಾಗಿದೆ.
(ಈ) ತಾಲ್ಲೂಕಿನ ಅಂತರ್ಜಲ ಮಟ್ಟ ಕುಸಿದಿದೆ.

ಕೃಷಿಯ ಬಗ್ಗೆ ಓದಿಕೊಂಡವರಿಗೆ (ಈ) ಆಯ್ಕೆ ಆಕರ್ಷಕವಾಗಿ ಕಾಣುತ್ತದೆ. ಕೊಳವೆಬಾವಿಗಳು ಬತ್ತುತ್ತಿರುವ ಸುದ್ದಿಯನ್ನು ಅವರು ಎಷ್ಟೋ ಬಾರಿ ಓದಿರುತ್ತಾರೆ. ಆದರೆ ನೀರು ಕೊಳವೆಬಾವಿಯಿಂದ ಬಂದಿತೋ ಕಾಲುವೆಯಿಂದ ಬಂದಿತೋ ಎಂಬುದನ್ನು ಉದ್ಧೃತ ಭಾಗ ತಿಳಿಸಿಲ್ಲ. (ಅ) ಆಯ್ಕೆಯನ್ನು ಮೊದಲ ವಾಕ್ಯವೇ ಅಲ್ಲಗಳೆಯುತ್ತದೆ, ಏಕೆಂದರೆ ಎಕರೆವಾರು ಬಳಕೆ ಕಡಿಮೆಯಾಗಿದೆ. (ಆ) ಆಯ್ಕೆ ಸರಿಯುತ್ತರದ ಪಕ್ಕದಲ್ಲೇ ನಿಂತಿದ್ದು, ಹೆಚ್ಚು ಮಂದಿಯನ್ನು ಸೆಳೆಯುವುದು ಇದೇ. ವಿಸ್ತರಣೆ ನಡೆದಿರುವುದು ಹೌದು. ಅದಕ್ಕೆ ನೀರಿನ ಉಳಿತಾಯವೇ ಕಾರಣವೋ, ದ್ರಾಕ್ಷಿಯ ಬೆಲೆಯೋ, ಬ್ಯಾಂಕಿನ ಸಾಲವೋ ಎಂಬುದಕ್ಕೆ ಇಲ್ಲಿ ಒಂದು ಅಕ್ಷರದ ಆಧಾರವೂ ಇಲ್ಲ.

ಉಳಿಯುವುದು (ಇ). ಯಾವ ತೋಟದಲ್ಲೂ ಎಕರೆವಾರು ಬಳಕೆ ಹೆಚ್ಚಿಲ್ಲ, ಒಟ್ಟು ಬಳಕೆ ಮಾತ್ರ ಹೆಚ್ಚಿದೆ. ಎಕರೆಗಳ ಸಂಖ್ಯೆ ಹೆಚ್ಚದೆ ಹೀಗಾಗುವುದು ಸಾಧ್ಯವಿಲ್ಲ. ಸರಿಯುತ್ತರ ನಾಲ್ಕರಲ್ಲಿ ಅತ್ಯಂತ ಸಪ್ಪೆಯಾದ ವಾಕ್ಯವಾಗಿರುವುದು ಗಮನಾರ್ಹ. ಕಡಿಮೆ ಹೇಳುವ ವಾಕ್ಯಕ್ಕೆ ಕಡಿಮೆ ಆಧಾರ ಸಾಕು. ಆದ್ದರಿಂದ ಎರಡು ಆಯ್ಕೆಗಳು ಸಮನಾಗಿ ತೋರಿದಾಗ, ಮಿತವಾಗಿ ಮಾತನಾಡುವ ಆಯ್ಕೆಯನ್ನು ಮೊದಲು ಪರಿಶೀಲಿಸುವುದು ಒಳಿತು.

ತಪ್ಪು ಆಯ್ಕೆಗಳ ಬಗೆಗಳು

ತಪ್ಪು ಆಯ್ಕೆಗಳು ಸಾಮಾನ್ಯವಾಗಿ ಐದು ಬಗೆಯವು. ಒಂದು, ಉದ್ಧೃತ ಭಾಗದಲ್ಲಿಲ್ಲದ ಸಂಗತಿಯನ್ನು ಹೊರಗಿನಿಂದ ತರುವುದು. ಎರಡು, ‘ಕೆಲವು’ ಎಂದಿದ್ದುದನ್ನು ‘ಎಲ್ಲ’ ಎಂದೂ ‘ಸಾಧ್ಯ’ ಎಂದಿದ್ದುದನ್ನು ‘ಖಚಿತ’ ಎಂದೂ ಹಿಗ್ಗಿಸುವುದು. ಮೂರು, ಷರತ್ತಿನ ವಾಕ್ಯವನ್ನು ತಿರುಗಿಸುವುದು. ನಾಲ್ಕು, ಎರಡು ಘಟನೆಗಳು ಜೊತೆಯಾಗಿ ನಡೆದ ಮಾತ್ರಕ್ಕೆ ಒಂದನ್ನು ಇನ್ನೊಂದರ ಕಾರಣವೆಂದು ಸಾರುವುದು. ಐದು, ‘ಹೀಗಿದೆ’ ಎಂಬ ವರದಿಯಿಂದ ‘ಹೀಗಾಗಬೇಕು’ ಎಂಬ ಸಲಹೆಗೆ ಜಿಗಿಯುವುದು. ಸರ್ಕಾರ ಏನು ಮಾಡಬೇಕೆಂದು ಉಪದೇಶಿಸುವ ಆಯ್ಕೆ ಎಷ್ಟೇ ಸಜ್ಜನಿಕೆಯಿಂದ ಕೂಡಿದ್ದರೂ, ಉದ್ಧೃತ ಭಾಗ ಬರಿಯ ಸಂಗತಿಗಳನ್ನು ಹೇಳಿದ್ದರೆ ಅದು ನಿಲ್ಲುವುದಿಲ್ಲ.

ಸಣ್ಣ ಪದಗಳ ತೂಕ

ಇಂತಹ ಪ್ರಶ್ನೆಗಳಲ್ಲಿ ನಿರ್ಣಾಯಕವಾಗುವುದು ದೊಡ್ಡ ಪದಗಳಲ್ಲ, ಸಣ್ಣ ಪದಗಳು. ಕನ್ನಡದಲ್ಲಿ ಒಂದು ಪ್ರತ್ಯಯವೇ ಇಡೀ ವಾಕ್ಯದ ತರ್ಕವನ್ನು ಬದಲಿಸಬಲ್ಲದು. ‘ಪರಿಶೀಲನೆ ಮುಗಿದರೆ ಅನುದಾನ ಬಿಡುಗಡೆಯಾಗುತ್ತದೆ’ ಎಂದಾಗ, ಅನುದಾನ ಬಿಡುಗಡೆಯಾಗಿರುವುದನ್ನು ಕಂಡು ಪರಿಶೀಲನೆ ಮುಗಿದಿದೆ ಎನ್ನಲಾಗದು; ಬೇರೆ ದಾರಿಯಿಂದಲೂ ಅದು ಬಿಡುಗಡೆಯಾಗಿರಬಹುದು. ‘ಮುಗಿದರೆ ಮಾತ್ರ’ ಎಂದಾಗ ಹಾಗೆನ್ನಬಹುದು; ಆದರೆ ಪರಿಶೀಲನೆ ಮುಗಿದೊಡನೆ ಅನುದಾನ ಬಂದೇ ಬರುತ್ತದೆ ಎಂಬ ಭರವಸೆ ಆಗ ಇರುವುದಿಲ್ಲ. ‘ಮುಗಿದರೂ’ ಎಂದಾಗ ವಾಕ್ಯ ಇನ್ನೊಂದೇ ದಿಕ್ಕಿಗೆ ಹೊರಳುತ್ತದೆ.

ಪ್ರಮಾಣವಾಚಕ ಪದಗಳೂ ಹೀಗೆಯೇ. ಕೆಲವರು ಬಂದರು ಎಂದಾಗ ಎಲ್ಲರೂ ಬರಲಿಲ್ಲವೆಂದು ಮಾತುಕತೆಯಲ್ಲಿ ಅರ್ಥವಾಗುತ್ತದೆ. ತರ್ಕದಲ್ಲಿ ‘ಕೆಲವು’ ಎಂದರೆ ಕನಿಷ್ಠ ಒಂದು ಎಂದಷ್ಟೇ ಅರ್ಥ. ಎಲ್ಲವೂ ಆಗಿರುವ ಸಾಧ್ಯತೆಯನ್ನು ಅದು ತಳ್ಳಿಹಾಕುವುದಿಲ್ಲ. ‘ಬಹುತೇಕ’ ಎಂದರೆ ಅರ್ಧಕ್ಕಿಂತ ಹೆಚ್ಚು. ಒಂದು ಶಾಲೆಯ ಬಹುತೇಕ ಶಿಕ್ಷಕರು ಬಸ್ಸಿನಲ್ಲಿ ಬರುತ್ತಾರೆ, ಬಹುತೇಕ ಶಿಕ್ಷಕರು ದಿನಪತ್ರಿಕೆ ಓದುತ್ತಾರೆ ಎಂದರೆ, ಬಸ್ಸಿನಲ್ಲಿ ಬರುವ ಹಾಗೂ ಪತ್ರಿಕೆಯನ್ನೂ ಓದುವ ಶಿಕ್ಷಕರೊಬ್ಬರಾದರೂ ಅಲ್ಲಿ ಇರಲೇಬೇಕು. ‘ಬಹುತೇಕ’ದ ಬದಲು ಎರಡೂ ಕಡೆ ‘ಕೆಲವು’ ಎಂದಿದ್ದರೆ ಈ ಅನುಮಾನ ಬಿದ್ದುಹೋಗುತ್ತದೆ.

‘ಎಲ್ಲ ಅರ್ಜಿಗಳು ಸ್ವೀಕೃತವಾಗಿಲ್ಲ’ ಎಂಬಂತಹ ವಾಕ್ಯಕ್ಕೆ ಎರಡು ಅರ್ಥಗಳುಂಟು: ಒಂದೂ ಸ್ವೀಕೃತವಾಗಿಲ್ಲ ಎಂದೂ ಆಗಬಹುದು, ಕೆಲವು ಮಾತ್ರ ಸ್ವೀಕೃತವಾಗಿವೆ ಎಂದೂ ಆಗಬಹುದು. ಎರಡೂ ಅರ್ಥಗಳಲ್ಲಿ ನಿಲ್ಲುವ ಆಯ್ಕೆಯೇ ಅಲ್ಲಿ ಸುರಕ್ಷಿತ.

ಪೂರ್ಣ ಖಚಿತತೆ ಇಲ್ಲದಿದ್ದಾಗ

‘ಹೆಚ್ಚು ಆಧಾರವುಳ್ಳದ್ದು’ ಎಂಬ ಮಾತು ‘ಖಚಿತವಾಗಿ ಸತ್ಯವಾದದ್ದು’ ಎಂಬುದಕ್ಕಿಂತ ಸಡಿಲವಾದುದು. ದ್ರಾಕ್ಷಿ ತೋಟದ ಮಾದರಿಯಲ್ಲಿ ಉತ್ತರ ಖಚಿತವಾಗಿತ್ತು. ಎಲ್ಲೆಡೆ ಹಾಗಿರುವುದಿಲ್ಲ. ವ್ಯಾಟ್ಸನ್ ಮತ್ತು ಗ್ಲೇಸರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರ ಹೆಸರಿನ ವಿಮರ್ಶಾತ್ಮಕ ಚಿಂತನೆಯ ಪರೀಕ್ಷೆಯಲ್ಲಿ ಅನುಮಾನಗಳನ್ನು ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು ಎಂದು ಐದು ಮೆಟ್ಟಿಲುಗಳಲ್ಲಿ ತೂಗಬೇಕಾಗುತ್ತದೆ. ಭಾರತದ ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧರಾದವರಿಗೂ ಈ ಮೆಟ್ಟಿಲುಗಳು ಪರಿಚಿತ.

ಆಧಾರದ ತೂಕವನ್ನು ಅರಿಯಲು 1854ರ ಲಂಡನ್ ಕಾಲರಾ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಸೊಹೊ ಪ್ರದೇಶದ ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಪಂಪಿನ ಸುತ್ತ ಸಾವುಗಳು ದಟ್ಟವಾಗಿರುವುದನ್ನು ವೈದ್ಯ ಜಾನ್ ಸ್ನೋ ಗುರುತಿಸಿದರು. ಅವರ ವರದಿಯ ಮೇರೆಗೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಯಲಾಯಿತು, ರೋಗವೂ ಅಡಗಿತು. ಹಿಡಿ ತೆಗೆದುದರಿಂದಲೇ ರೋಗ ನಿಂತಿತು ಎಂಬುದು ಜನಪ್ರಿಯ ಕಥೆ. ಆದರೆ ಅಷ್ಟು ಹೊತ್ತಿಗಾಗಲೇ ರೋಗ ಇಳಿಮುಖವಾಗಿತ್ತು; ಸ್ನೋ ಅವರೇ ಇದನ್ನು ಒಪ್ಪಿಕೊಂಡಿದ್ದರು.

ಅವರ ಅನುಮಾನಕ್ಕೆ ಗಟ್ಟಿಯಾದ ಆಧಾರ ಬೇರೆಡೆ ಇತ್ತು. ಪಂಪಿಗೆ ಸಮೀಪದಲ್ಲೇ ಇದ್ದ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಆ ನೀರನ್ನು ಕುಡಿಯುತ್ತಿರಲಿಲ್ಲ. ಅವರಲ್ಲಿ ಯಾರೂ ಸಾಯಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಿದ್ದು, ಅದೇ ಪಂಪಿನ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದ ಮಹಿಳೆಯೊಬ್ಬರು ಸತ್ತರು. ಹತ್ತಿರವಿದ್ದೂ ಕುಡಿಯದವರು ಉಳಿದರು, ದೂರವಿದ್ದೂ ಕುಡಿದವರು ಸತ್ತರು. ರೋಗ ಗಾಳಿಯಿಂದ ಹರಡುತ್ತದೆ ಎಂಬ ಅಂದಿನ ನಂಬಿಕೆಗಿಂತ, ಆ ಪಂಪಿನ ನೀರಿನಿಂದ ಹರಡಿತು ಎಂಬ ಅನುಮಾನವನ್ನು ಈ ಸಂಗತಿಗಳು ಬಲವಾಗಿ ಹೊರುತ್ತವೆ. ನೀರಿನಲ್ಲಿದ್ದ ರೋಗಕಾರಕ ಯಾವುದು ಎಂಬುದನ್ನು ಅವು ಹೇಳಲಾರವು. ಪರೀಕ್ಷೆಯ ಆಯ್ಕೆಗಳನ್ನು ತೂಗಬೇಕಾದ ಕ್ರಮವೂ ಇದೇ: ಈ ಸಂಗತಿಗಳು ಯಾವ ಆಯ್ಕೆಯನ್ನು ಉಳಿದವುಗಳಿಗಿಂತ ಹೆಚ್ಚು ನಂಬುವಂತೆ ಮಾಡುತ್ತವೆ, ಮತ್ತು ಎಲ್ಲಿಗೆ ನಿಲ್ಲುತ್ತವೆ?

ಅಂಕಗಳ ಲೆಕ್ಕ

ಸಿಸ್ಯಾಟ್ ಪತ್ರಿಕೆಯಲ್ಲಿ 80 ಪ್ರಶ್ನೆಗಳಿಗೆ 200 ಅಂಕಗಳು. ಸರಿಯುತ್ತರಕ್ಕೆ 2.5 ಅಂಕ, ತಪ್ಪುತ್ತರಕ್ಕೆ ಅದರ ಮೂರನೇ ಒಂದು ಭಾಗ ಕಡಿತ. 2015ರಿಂದ ಇದು ಅರ್ಹತಾ ಪತ್ರಿಕೆಯಾಗಿದ್ದು, ಶೇಕಡಾ 33 ಅಂದರೆ 66 ಅಂಕ ಗಳಿಸಿದರೆ ಸಾಕು. ಆದರೆ ಅಷ್ಟನ್ನು ಗಳಿಸದವರು ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಪಡೆದರೂ ಮುಂದಿನ ಹಂತಕ್ಕೆ ಹೋಗಲಾರರು. ಸರಿಯಾಗಿ ಗುರುತಿಸಬಹುದಾಗಿದ್ದ ಒಂದು ಪ್ರಶ್ನೆ ತಪ್ಪಿದರೆ ಆಗುವ ವ್ಯತ್ಯಾಸ 3.33 ಅಂಕ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸುತ್ತ ಹೋದರೆ ಸರಾಸರಿ ಗಳಿಕೆ ಸೊನ್ನೆ. ಖಚಿತವಾಗಿ ತಪ್ಪಾದ ಎರಡನ್ನು ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೂ ಪ್ರಶ್ನೆಯೊಂದಕ್ಕೆ ಸರಾಸರಿ 0.83 ಅಂಕ ದಕ್ಕುತ್ತದೆ. ಆದ್ದರಿಂದ ಸರಿಯಾದುದನ್ನು ಹುಡುಕುವುದಕ್ಕಿಂತ ಮೊದಲು ಆಧಾರವಿಲ್ಲದವುಗಳನ್ನು ಹೊಡೆದುಹಾಕುವ ಕ್ರಮವೇ ಲಾಭಕರ.

ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಇನ್ನೊಂದು ತೊಡಕಿದೆ. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದರೂ ಪೂರ್ವಭಾವಿ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ‘ಮಾತ್ರ’, ‘ಹೊರತು’, ‘ಬಹುತೇಕ’ ಎಂಬ ಪದಗಳಿಗೆ ಸಮನಾದ ಇಂಗ್ಲಿಷ್ ಪದಗಳ ಬಲವನ್ನು ಅರೆಗಳಿಗೆಯಲ್ಲಿ ಅರಿಯಬೇಕಾದ ಒತ್ತಡ ಅವರ ಮೇಲಿರುತ್ತದೆ. ಇದಕ್ಕೆ ಅಭ್ಯಾಸವೊಂದೇ ಪರಿಹಾರ. ದಿನಪತ್ರಿಕೆಯ ಒಂದು ವರದಿಯನ್ನು ಓದಿ, ಅದರಿಂದ ಹೊರಡುವ ಮೂರು ಮಾತುಗಳನ್ನೂ ಹೊರಡುವಂತೆ ತೋರಿದರೂ ಹೊರಡದ ಮೂರು ಮಾತುಗಳನ್ನೂ ಕನ್ನಡದಲ್ಲಿ ಬರೆದು, ಬಳಿಕ ಇಂಗ್ಲಿಷಿನಲ್ಲಿ ಬರೆದರೆ ಎರಡೂ ಭಾಷೆಗಳ ಸಣ್ಣ ಪದಗಳು ಕೈವಶವಾಗುತ್ತವೆ.

ಕೊನೆಯದಾಗಿ, ಆಯ್ಕೆಯನ್ನು ಗುರುತಿಸುವ ಮುನ್ನ ಅಭ್ಯರ್ಥಿ ತನಗೆ ತಾನೇ ಕೇಳಿಕೊಳ್ಳಬೇಕಾದುದು ಒಂದೇ ಪ್ರಶ್ನೆ: ಈ ಮಾತಿಗೆ ಉದ್ಧೃತ ಭಾಗದ ಯಾವ ವಾಕ್ಯ ಸಾಕ್ಷಿ? ಬೆರಳಿಟ್ಟು ತೋರಿಸಬಹುದಾದ ವಾಕ್ಯ ಸಿಕ್ಕಿದರೆ ಆಯ್ಕೆ ಉಳಿಯುತ್ತದೆ. ಸಾಕ್ಷಿ ತನ್ನ ನೆನಪಿನಲ್ಲೋ ಅಭಿಪ್ರಾಯದಲ್ಲೋ ಮಾತ್ರ ಇದ್ದರೆ ಆ ಆಯ್ಕೆಯನ್ನು ಬಿಡುವುದೇ ಲೇಸು.